ಲಕ್ಷ್ಮಣಫಲಕ್ಕೆ ನಾನು ಹಾಕಿದ ಸಹಿ

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಮತ್ತೆ ಅದೇ ಬಂತು. ‘ಲಕ್ಷ್ಮಣಫಲ ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ. ಔಷಧ ಕಂಪನಿಗಳು ಮುಚ್ಚಿಟ್ಟ ಸತ್ಯ.’ ಕೆಳಗೆ ಸಾಲು ಸಾಲು ಕೈಮುಗಿದ ಎಮೋಜಿ. ಕಳಿಸಿದವರು ಪೆದ್ದರೇನಲ್ಲ, ಡೇಟಾ ಸೈನ್ಸ್ ಟೀಮ್ ನಡೆಸೋರು. ಜೊತೆಗೆ ಒಂದು ಸಂಶೋಧನಾ ಲೇಖನದ ಲಿಂಕ್ ಬೇರೆ ಇತ್ತು. ನನಗೆ ಸಿಟ್ಟು ಬರೋದೇ ಆ ಲಿಂಕ್ ನೋಡಿ. ಲಿಂಕ್ ಇಲ್ಲದ ಸುಳ್ಳನ್ನು ನಕ್ಕು ಡಿಲೀಟ್ ಮಾಡ್ತೀವಿ. ಲಿಂಕ್ ಇರುವ ಅರ್ಧಸತ್ಯಕ್ಕೆ ಓದಿದವರೇ ಬೀಳೋದು. ನಾನೂ ಬಿದ್ದಿದ್ದೆ.

ನಮ್ಮ ಚಿಕ್ಕಪ್ಪನಿಗೆ ದೊಡ್ಡಕರುಳಿನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮುಗಿದು ಎರಡು ಸುತ್ತು ಕೀಮೋ ಆಗಿತ್ತು. ಬಾಯೆಲ್ಲ ಹುಣ್ಣು, ಅನ್ನ ಸೇರ್ತಿರಲಿಲ್ಲ, ತೋಟದಲ್ಲಿ ಕೊನೆಕೊಯ್ಲು ಬೇರೆ. ಯಾರೋ ಲಕ್ಷ್ಮಣಫಲದ ಎಲೆ ಕಷಾಯದ ಬಗ್ಗೆ ಹೇಳಿದ್ದಾರೆ. ನನಗೆ ಫೋನ್ ಮಾಡಿ, “ನೀ ಓದಿದವ. ಇದು ಹೌದಾ, ನೋಡಿ ಹೇಳು ಮಾರಾಯ” ಅಂದರು. ಮೀಟಿಂಗುಗಳ ಮಧ್ಯೆ ಹತ್ತು ನಿಮಿಷ ಹುಡುಕಿದೆ. ಒಂದು ಲೇಖನದ ಸಾರಾಂಶ ಸಿಕ್ಕಿತು: ಎಲೆಯ ಸಾರ ಹಾಕಿದಾಗ ಕ್ಯಾನ್ಸರ್ ಕೋಶಗಳಲ್ಲಿ ಕ್ಯಾಸ್ಪೇಸ್-3 ಚಟುವಟಿಕೆ ಗಣನೀಯವಾಗಿ ಏರಿತು, ಕೋಶಗಳು ಸತ್ತವು. “ಹೌದು ಚಿಕ್ಕಪ್ಪ, ಪೇಪರ್ ಇದೆ” ಅಂದೆ. ಅಷ್ಟೇ ನಾನು ಹೇಳಿದ್ದು. ಕೀಮೋ ಬಿಡಿ ಅಂತ ಹೇಳಲಿಲ್ಲ. ಆದರೆ ಇಂಜಿನಿಯರ್ ಹುಡುಗ ಹೂಂ ಅಂದಮೇಲೆ ಇನ್ನೇನು ಬೇಕು? ನಾಲ್ಕು ತಿಂಗಳು ಆಸ್ಪತ್ರೆ ಕಡೆ ತಲೆಹಾಕಲಿಲ್ಲ. ತಿರುಗಿ ಹೋಗುವಷ್ಟರಲ್ಲಿ ಅದು ಯಕೃತ್ತಿಗೆ ಹಬ್ಬಿತ್ತು. ಮುಂದಿನ ಮಳೆಗಾಲ ಅವರು ನೋಡಲಿಲ್ಲ.

ಕೀಮೋ ಮುಂದುವರಿಸಿದ್ದರೆ ಬದುಕುತ್ತಿದ್ದರು ಅಂತ ನಾನು ಆಣೆ ಮಾಡಲಾರೆ. ಆದರೆ ನಾನು ಸಹಿ ಹಾಕಿದ ಆ ಸಾಲಿನ ಅರ್ಥ ನನಗೇ ಗೊತ್ತಿರಲಿಲ್ಲ ಅನ್ನೋದಂತೂ ನಿಜ. ಆಮೇಲೆ ಕೂತು ಓದಿದೆ. ಓದಿದ್ದನ್ನ ಇಲ್ಲಿ ಬರೀತಿದ್ದೀನಿ.

ನಮ್ಮ ಮೈಯ ಜೀವಕೋಶಗಳಿಗೆ ಸಾಯೋದು ಹೇಗೆ ಅನ್ನೋ ಪ್ರೋಗ್ರಾಮ್ ಒಳಗೇ ಇರತ್ತೆ. ಗೊದಮೊಟ್ಟೆಯ ಬಾಲ ಕರಗೋದು, ಗರ್ಭದಲ್ಲಿ ಮಗುವಿನ ಬೆರಳುಗಳು ಬಿಡಿಯಾಗೋದು ಇದರಿಂದಲೇ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ಇದಕ್ಕೆ ‘ಅಪೊಪ್ಟೋಸಿಸ್’ ಅಂತ ಹೆಸರಿಟ್ಟರು. ಮರದಿಂದ ಎಲೆ ಉದುರುವುದಕ್ಕಿದ್ದ ಗ್ರೀಕ್ ಮಾತು ಅದು. ಸೀ ಎಲಿಗನ್ಸ್ ಎಂಬ ಪುಟ್ಟ ಹುಳದಲ್ಲಿ ಹುಟ್ಟುವ 1,090 ದೇಹಕೋಶಗಳಲ್ಲಿ 131 ಹೀಗೆ ಸಾಯುತ್ತವೆ, ಪ್ರತಿ ಹುಳದಲ್ಲೂ ಅದೇ ಲೆಕ್ಕ. ಈ ಕೆಲಸಕ್ಕೆ 2002ರಲ್ಲಿ ಬ್ರೆನರ್, ಹಾರ್ವಿಟ್ಜ್ ಮತ್ತು ಸಲ್ಸ್ಟನ್‌ಗೆ ನೊಬೆಲ್ ಬಂತು. ಕೋಶವನ್ನು ಒಳಗಿಂದ ಕತ್ತರಿಸಿ ಹಾಕುವ ಕಿಣ್ವಗಳೇ ಕ್ಯಾಸ್ಪೇಸ್‌ಗಳು. ಕ್ಯಾನ್ಸರಿನಲ್ಲಿ ಸಾಯಬೇಕಾದ ಕೋಶ ಸಾಯಲ್ಲ. ನರ ಸವೆಯುವ ಕಾಯಿಲೆಗಳಲ್ಲಿ ಸಾಯಬಾರದ ಕೋಶ ಸಾಯತ್ತೆ. ಹಾಗಾಗಿ ಈ ಕತ್ತರಿ ಎಷ್ಟು ಚುರುಕಾಗಿದೆ ಅಂತ ಅಳೆಯೋದು ಸಂಶೋಧಕರಿಗೆ ದಿನನಿತ್ಯದ ಕೆಲಸ.

ಅಳೆಯೋದು ಹೀಗೆ. 96 ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶ ಬೆಳೆಸ್ತಾರೆ, ಮದ್ದು ಹಾಕ್ತಾರೆ, ಕೆಲವು ಗಂಟೆ ಬಿಟ್ಟು ಕೋಶ ಒಡೆದು ರಸ ತೆಗೀತಾರೆ. ಅದಕ್ಕೆ ನಾಲ್ಕು ಅಮೈನೋ ಆಮ್ಲಗಳ ಒಂದು ತುಂಡು ಸರಪಳಿ ಸೇರಿಸ್ತಾರೆ. ಸರಪಳಿಯ ಹೆಸರು ಡಿಇವಿಡಿ, ಅದರ ತುದಿಗೆ ಒಂದು ಬಣ್ಣ ಕಟ್ಟಿರತ್ತೆ. ಕ್ಯಾಸ್ಪೇಸ್-3 ಆ ಸರಪಳಿಯನ್ನು ಕೊನೆಯ ‘ಡಿ’ ಆದಮೇಲೆ ಕತ್ತರಿಸಿದರೆ ಬಣ್ಣ ಬಿಡುಗಡೆಯಾಗಿ ಹಳದಿಯಾಗತ್ತೆ. ಯಂತ್ರ 405 ನ್ಯಾನೋಮೀಟರಿನಲ್ಲಿ ಎಷ್ಟು ಹಳದಿ ಅಂತ ಓದಿ ಒಂದು ನಂಬರ್ ಕೊಡತ್ತೆ. ನಾನು ಚಿಕ್ಕಪ್ಪನಿಗೆ ಹೌದು ಅಂದದ್ದು ಈ ಹಳದಿಯನ್ನು ನಂಬಿ.

ಈಗ ಆ ನಂಬರಿನ ಕೋಡ್ ರಿವ್ಯೂ ಮಾಡೋಣ. ಡಿಇವಿಡಿಯನ್ನು ಕ್ಯಾಸ್ಪೇಸ್-7 ಕೂಡ ಕತ್ತರಿಸತ್ತೆ, ಹಾಗಾಗಿ ಕತ್ತರಿಸಿದ್ದು ಯಾರು ಅಂತ ಬಣ್ಣ ಹೇಳಲ್ಲ. ಕಿಣ್ವದ ಚಟುವಟಿಕೆ ಏರಿ ಇಳಿಯುವಂಥದ್ದು, ಯಾವ ಗಂಟೆಗೆ ಅಳೆದಿರಿ ಅನ್ನೋದರ ಮೇಲೆ ಉತ್ತರವೇ ಬದಲಾಗತ್ತೆ. ಸ್ತನ ಕ್ಯಾನ್ಸರ್ ಸಂಶೋಧನೆಯಲ್ಲಿ ತುಂಬಾ ಬಳಸುವ ಎಂಸಿಎಫ್-7 ಕೋಶಗಳಲ್ಲಿ ಕ್ಯಾಸ್ಪೇಸ್-3 ಇಲ್ಲವೇ ಇಲ್ಲ, ಆದರೂ ಅವು ಸಾಯುತ್ತವೆ. ಕಿಣ್ವ ಚುರುಕಾಯಿತು ಅಂದಮಾತ್ರಕ್ಕೆ ಸಾವು ಖಾತ್ರಿಯೂ ಅಲ್ಲ. ಕ್ಯಾಸ್ಪೇಸ್ ಎದ್ದ ಮೇಲೂ ವಿಷ ತೆಗೆದರೆ ಕೋಶ ಚೇತರಿಸಿಕೊಂಡು ಬದುಕಿದ್ದನ್ನು ಡೆನಿಸ್ ಮಾಂಟೆಲ್ ಅವರ ತಂಡ 2012ರಲ್ಲಿ ತೋರಿಸಿ, ಅದಕ್ಕೆ ‘ಅನಾಸ್ಟಾಸಿಸ್’ ಅಂತ ಹೆಸರಿಟ್ಟಿತು.

ಇವೆಲ್ಲ ಲ್ಯಾಬಿನವರ ತಲೆನೋವು, ಒಳ್ಳೆಯ ಲ್ಯಾಬುಗಳು ಇದಕ್ಕೆಲ್ಲ ಬೇರೆ ಬೇರೆ ಪರೀಕ್ಷೆ ಮಾಡಿಯೇ ಮಾತಾಡ್ತವೆ. ನಮಗೆ ಬೇಕಾದ ಪ್ರಶ್ನೆ ಇನ್ನೂ ಸರಳ. ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡನ್ನು ಹದವಾಗಿ ಹಾಕಿದರೂ ಕ್ಯಾಸ್ಪೇಸ್-3 ಏರತ್ತೆ. ಅದನ್ನ ಕುಡೀತೀರಾ?

ಡೋಸಿನ ಲೆಕ್ಕ ನೋಡಿ. ತಟ್ಟೆಯಲ್ಲಿ ಒಂದು ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಸಾರ ಹಾಕಿದರು ಅಂತಿಟ್ಟುಕೊಳ್ಳಿ. ನಮ್ಮ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇದೆ. ಅದೇ ಮಟ್ಟ ತರಲು ಅರ್ಧ ಗ್ರಾಂ ಸಾರ ಪೂರ್ತಿಯಾಗಿ ರಕ್ತದಲ್ಲಿ ಇರಬೇಕು, ಒಂದೆರಡು ದಿನ ಹಾಗೇ ನಿಲ್ಲಬೇಕು. ಕುಡಿದ ಕಷಾಯ ಹೊಟ್ಟೆ, ಕರುಳು, ಯಕೃತ್ತು ದಾಟಿ ಅಷ್ಟು ಉಳಿಯತ್ತಾ? ಡೆವಲಪರ್ ಲ್ಯಾಪ್‌ಟಾಪಿನಲ್ಲಿ ಯೂನಿಟ್ ಟೆಸ್ಟ್ ಪಾಸ್ ಆಯಿತು ಅಂತ ಬ್ಯಾಂಕಿನ ಪ್ರೊಡಕ್ಷನ್ ಸರ್ವರಿಗೆ ನೇರ ಡಿಪ್ಲಾಯ್ ಮಾಡಿದವನನ್ನು ಏನಂತೀವಿ? ಅಂಥವನಿಗೆ ಅಪ್ರೈಸಲ್‌ನಲ್ಲಿ ಚಳಿ ಬಿಡಿಸೋ ನಾವು, ಅಮ್ಮನ ಔಷಧಿಯ ವಿಷಯ ಬಂದಾಗ ಅದನ್ನೇ ಮಾಡ್ತೀವಿ.

ಆ 10,000 ಪಟ್ಟಿನ ಮೂಲವನ್ನೂ ಹೇಳಿಬಿಡ್ತೀನಿ. ಅದು ಕಟ್ಟುಕತೆಯಲ್ಲ. 1996ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಈ ಗಿಡದ ಬೀಜದಿಂದ ತೆಗೆದ ಒಂದು ಶುದ್ಧ ರಾಸಾಯನಿಕ, ಒಂದು ಬಗೆಯ ಕರುಳು ಕ್ಯಾನ್ಸರ್ ಕೋಶಗಳ ಮೇಲೆ, ತಟ್ಟೆಯಲ್ಲಿ, ಅಡ್ರಿಯಾಮೈಸಿನ್‌ಗಿಂತ 10,000 ಪಟ್ಟು ಪ್ರಬಲ ಅಂತ ವರದಿ ಮಾಡಿದರು. ಬೀಜ ಹೋಗಿ ಹಣ್ಣಾಯಿತು, ತಟ್ಟೆ ಹೋಗಿ ಮನುಷ್ಯನಾಯಿತು, ಒಂದು ಬಗೆಯ ಕೋಶ ಹೋಗಿ ಎಲ್ಲ ಕ್ಯಾನ್ಸರ್ ಆಯಿತು. ಫಾರ್ವರ್ಡಿನಲ್ಲಿ ಬರದ ಇನ್ನೊಂದು ಸುದ್ದಿ ಇದೆ. ಗ್ವಾಡಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ಥರದ ಒಂದು ಕಾಯಿಲೆಗೂ ಇದೇ ಜಾತಿಯ ಹಣ್ಣು, ಎಲೆಗಳ ಬಳಕೆಗೂ ಸಂಬಂಧವಿರಬಹುದು ಅಂತ 1999ರಲ್ಲೇ ‘ಲ್ಯಾನ್ಸೆಟ್’ನಲ್ಲಿ ಬಂದಿತ್ತು.

ತಟ್ಟೆಯನ್ನು, ಇಲಿಯನ್ನು ನಂಬಿ ಮೋಸ ಹೋಗೋದು ನಾಟಿ ಮದ್ದಿನವರು ಮಾತ್ರ ಅಂದುಕೊಳ್ಳಬೇಡಿ. ಮಿನೊಸೈಕ್ಲಿನ್ ಅಂತ ಹಳೆಯ ಆಂಟಿಬಯಾಟಿಕ್ ಇದೆ. ಅದು ಕ್ಯಾಸ್ಪೇಸ್‌ಗಳನ್ನು ತಗ್ಗಿಸತ್ತೆ, ಎಎಲ್‌ಎಸ್ ಬಂದ ಇಲಿಗಳ ಆಯುಷ್ಯ ಹೆಚ್ಚಿಸತ್ತೆ ಅಂತ ದೊಡ್ಡ ಪತ್ರಿಕೆಗಳಲ್ಲೇ ಬಂತು. ಎಎಲ್‌ಎಸ್ ಅಂದರೆ ಸ್ಟೀಫನ್ ಹಾಕಿಂಗ್‌ಗೆ ಇದ್ದ ಕಾಯಿಲೆ. ಕೊನೆಗೆ 412 ರೋಗಿಗಳ ಮೇಲೆ ಸರಿಯಾದ ಪರೀಕ್ಷೆ ಮಾಡಿದರು. 2007ರಲ್ಲಿ ಫಲಿತಾಂಶ ಬಂತು: ಮದ್ದು ತಗೊಂಡವರು ಬರೀ ಸಕ್ಕರೆ ಗುಳಿಗೆಯಂಥದ್ದು ತಗೊಂಡವರಿಗಿಂತ ಬೇಗ ಕುಸಿದರು. ಇಲಿಯಲ್ಲಿ ಗೆದ್ದದ್ದು ಮನುಷ್ಯನಿಗೆ ಕೆಡುಕು ಮಾಡಿತ್ತು. ಅದು ನಮಗೆ ಗೊತ್ತಾದದ್ದು ಆ 412 ಜನ ಪರೀಕ್ಷೆಗೆ ಒಪ್ಪಿದ್ದರಿಂದ.

‘ಹಾಗಾದ್ರೆ ನಮ್ಮ ಗಿಡಮೂಲಿಕೆಗೆ ಬೆಲೆಯೇ ಇಲ್ವಾ?’ ಅಂತ ಕೇಳ್ತೀರಿ. ಇದೆ ಸ್ವಾಮಿ. ನಿಮ್ಮ ಅಂಗಳದಲ್ಲೇ ಬೆಳೆಯೋ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಬಂತು. ಮಕ್ಕಳ ರಕ್ತ ಕ್ಯಾನ್ಸರಿಗೆ ಇವತ್ತಿಗೂ ಅದು ಬೇಕು. ಆದರೆ ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ನರಕ್ಕೆ ಹಾಕ್ತಾರೆ. ಯಾರೂ ನಿತ್ಯಪುಷ್ಪದ ಕಷಾಯ ಮಾಡಿ ಕುಡಿಸಲ್ಲ. ಕೋಶಸಾವಿನ ಸಂಶೋಧನೆಯೂ ಫಲ ಕೊಟ್ಟಿದೆ. ಬಿಸಿಎಲ್-2 ಎಂಬ ಪ್ರೋಟೀನು ಕೋಶಗಳನ್ನು ಸಾಯದಂತೆ ಕಾಯತ್ತೆ ಅಂತ 1988ರಲ್ಲಿ ಗೊತ್ತಾಯಿತು. ಅದನ್ನು ತಡೆಯುವ ವೆನೆಟೋಕ್ಲಾಕ್ಸ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. 28 ವರ್ಷ! ನಾನು ತಗೊಂಡದ್ದು ಹತ್ತು ನಿಮಿಷ.

ಅದಕ್ಕೇ ಕೇಳ್ತಿದ್ದೀನಿ. ಪತ್ರಿಕೆಯವರೇ, ‘ಕ್ಯಾನ್ಸರಿಗೆ ಮದ್ದು ಪತ್ತೆ’ ಅಂತ ಹೆಡ್‌ಲೈನ್ ಕೊಡೋ ಮೊದಲು ‘ತಟ್ಟೆಯಲ್ಲಿ’ ಅನ್ನೋ ಒಂದು ಪದ ಸೇರಿಸಿ. ವಿಶ್ವವಿದ್ಯಾಲಯಗಳ ಪ್ರಚಾರ ವಿಭಾಗದವರೇ, ನಿಮಗೂ ಅದೇ ಮಾತು. ಇನ್ನು ನಾವು, ಊರಿಗೆ ಮೊದಲ ಇಂಜಿನಿಯರುಗಳು. ನಮ್ಮ ಬಾಯಿಂದ ಬಂದ ಒಂದು ‘ಹೂಂ’ ಊರಲ್ಲಿ ಎಷ್ಟು ತೂಗತ್ತೆ ಅಂತ ನಮಗೇ ಅಂದಾಜಿಲ್ಲ. ಫೋನ್ ಬಂದಾಗ ಇಷ್ಟು ನೋಡಿ: ಪ್ರಯೋಗ ತಟ್ಟೆಯಲ್ಲಾ, ಇಲಿಯಲ್ಲಾ, ಮನುಷ್ಯರಲ್ಲಾ? ಆರೋಗ್ಯವಂತ ಕೋಶಗಳಿಗೆ ಏನಾಯಿತು? ಎಷ್ಟು ಡೋಸ್? ಮದ್ದು ತಗೊಂಡವರು ಹೆಚ್ಚು ದಿನ ಬದುಕಿದರಾ? ಕೊನೆಯದಕ್ಕೆ ಉತ್ತರ ಸಿಗದಿದ್ದರೆ, “ನನಗೆ ಗೊತ್ತಿಲ್ಲ, ನಿಮ್ಮ ಡಾಕ್ಟರನ್ನೇ ಕೇಳೋಣ, ನಾನೂ ಬರ್ತೀನಿ” ಅನ್ನಿ. ಒಂದು ದಿನ ರಜೆ ಹಾಕಿ ಜೊತೆಗೆ ಹೋಗಿ.

ಚಿಕ್ಕಪ್ಪ ನೆಟ್ಟ ಲಕ್ಷ್ಮಣಫಲದ ಗಿಡ ಹಿತ್ತಲಲ್ಲಿ ಈಗ ನನಗಿಂತ ಎತ್ತರ ಇದೆ. ಹೋದ ಸಲ ಊರಿಗೆ ಹೋದಾಗ ಪಕ್ಕದ ಮನೆಯವರು ಎಲೆ ಕೇಳಿಕೊಂಡು ಬಂದಿದ್ದರು. ಅವರನ್ನ ಜಗಲಿ ಮೇಲೆ ಕೂರಿಸಿ, ಕಾಫಿ ಕೊಟ್ಟು, ಆ ಹಳದಿ ಬಣ್ಣದ ಕತೆ ಪೂರ್ತಿ ಹೇಳಿದೆ.