ನಿದ್ದೆ ಯಾರಪ್ಪನ ಸೊತ್ತು?

ಕ್ಲಾಸಿನಲ್ಲಿ ತೂಕಡಿಸಿದ ನಮ್ಮ ಹಾಸ್ಟೆಲ್ ಹುಡುಗನೊಬ್ಬನಿಗೆ ಮೇಷ್ಟ್ರು ಹೇಳಿದ ಮಾತಿದು: "ಸರ್ಕಾರದ ಪುಕ್ಕಟೆ ಕೂಳು ತಿಂತೀರಿ, ಇಲ್ಲಿ ಬಂದು ನಿದ್ದೆ ಹೊಡೀತೀರಿ." ಇಡೀ ಕ್ಲಾಸು ನಕ್ಕಿತು. ಹುಡುಗ ತಲೆ ತಗ್ಗಿಸಿದ. ರಾತ್ರಿ ಯಾಕಪ್ಪಾ ನಿದ್ದೆ ಮಾಡಲಿಲ್ಲ ಅಂತ ಮೇಷ್ಟ್ರು ಕೇಳಲಿಲ್ಲ. ನಾವು ಕೇಳಿದೆವು.

ನಾಲ್ಕು ಜನ ಇರಬೇಕಾದ ರೂಮಿನಲ್ಲಿ ಒಂಬತ್ತು ಜನ. ಮಂಚವಿಲ್ಲ, ಚಾಪೆ. ಚಾಪೆ ತುಂಬ ತಿಗಣೆ. ಕಿಟಕಿಗೆ ಜಾಲರಿ ಇಲ್ಲ, ಸೊಳ್ಳೆ. ಒಂದೇ ಒಂದು ಬಲ್ಬು. ಓದುವವನಿಗೆ ಅದು ಬೇಕು, ಮಲಗುವವನಿಗೆ ಬೇಡ. ಹನ್ನೆರಡು ಗಂಟೆಗೆ ಸೀನಿಯರ್ ಒಬ್ಬ ಕಾಲಲ್ಲಿ ತಿವಿದು ಎಬ್ಬಿಸಿ ನೀರು ತರಿಸಿದ. ಅದಕ್ಕೂ ಮುಂಚೆ ಊರಿಂದ ಅವ್ವ ಫೋನು ಮಾಡಿದ್ದಳು: ಅಪ್ಪನ ಕೂಲಿ ದುಡ್ಡು ಬಂದಿಲ್ಲ, ಸಾಲ ಕೊಟ್ಟವನು ಬಾಗಿಲಲ್ಲಿ ಕೂತಿದ್ದಾನೆ. ಇಷ್ಟಾದ ಮೇಲೆ ನಿದ್ದೆ ಎಲ್ಲಿಂದ ಬರಬೇಕು?

"ಮಲಗೋದು ಏಳೋದು ಅವರವರ ಸ್ವಂತ ವಿಚಾರ, ಇದರಲ್ಲಿ ಚಳುವಳಿ ಏನು ಬಂತು" ಅಂತ ಕೇಳುವವರಿದ್ದಾರೆ. ಕೆರೆಯ ನೀರು, ಗುಡಿಯ ಬಾಗಿಲು, ಹೋಟಲಿನ ಲೋಟ ಹೇಗೆ ಸ್ವಂತ ವಿಚಾರವಲ್ಲವೋ ನಿದ್ದೆಯೂ ಹಾಗೇ ಎಂದು ನಾವು ಹೇಳುತ್ತೇವೆ. ಈ ದೇಶದಲ್ಲಿ ನಿದ್ದೆಯನ್ನೂ ಜಾತಿ ನೋಡಿಯೇ ಹಂಚಿದ್ದಾರೆ.

ನಮ್ಮ ತಾತಂದಿರ ಕಾಲವನ್ನು ನೆನೆಯಿರಿ. ತೋಟಿ ಯಾರು? ತಳವಾರ ಯಾರು? ನೀರಗಂಟಿ ಯಾರು? ಎಷ್ಟೋ ಊರುಗಳಲ್ಲಿ ನಮ್ಮವರೇ. ಊರು ಮಲಗಲಿ ಎಂದು ಕೇರಿ ಎದ್ದಿತ್ತು. ಕಣದ ರಾಗಿಗೆ ಕಾವಲು ನಮ್ಮವರು, ಸರಿರಾತ್ರಿಯಲ್ಲಿ ಕೆರೆಯ ತೂಬು ನೋಡಿದವರು ನಮ್ಮವರು, ಯಾರೋ ಸತ್ತರೆ ಕತ್ತಲಲ್ಲಿ ಹರದಾರಿ ನಡೆದು ನೆಂಟರಿಗೆ ಸುದ್ದಿ ಮುಟ್ಟಿಸಿದವರೂ ನಮ್ಮವರು. 1961ರ ಕಾಯಿದೆ ಈ ವಂಶಪಾರಂಪರ್ಯದ ಹಳ್ಳಿ ಚಾಕರಿಗಳನ್ನು ರದ್ದು ಮಾಡಿತು. ಜೀತದಾಳು ಒಡೆಯನ ಕೊಟ್ಟಿಗೆಯಲ್ಲಿ ದನಗಳ ಮಗ್ಗುಲಲ್ಲಿ ಮಲಗಿ, ಒಡೆಯ ಏಳುವ ಮುಂಚೆ ಏಳಬೇಕಿತ್ತು. 1976ರ ಕಾಯಿದೆ ಜೀತವನ್ನೂ ರದ್ದು ಮಾಡಿತು. ಆದರೆ ನಮ್ಮ ಜನಕ್ಕೆ ನಿದ್ದೆ ವಾಪಸ್ ಬಂತೇ?

ಇಂದು ಗೇಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ರಾತ್ರಿ ಕಳೆಯುವ ವಾಚ್‌ಮನ್ ಯಾರು? ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಬಂತೆಂದು ಹಾವು ಹುಪ್ಪಟೆ ಲೆಕ್ಕಿಸದೆ ಗದ್ದೆಗೆ ನೀರು ಕಟ್ಟುವ ಕೂಲಿ ಯಾರು? ಪಟ್ಟಣ ಕಣ್ಣು ಬಿಡುವ ಮೊದಲೇ ಪೊರಕೆ ಹಿಡಿದು ಬೀದಿಯಲ್ಲಿ ನಿಂತ ತಾಯಿ ಯಾರು? ಅವಳು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಕ್ಕಳಿಗೆ ಬೇಯಿಸಿಟ್ಟು ಬಂದಿರುತ್ತಾಳೆ. ನಮ್ಮಲ್ಲಿ ಅನೇಕರು ಅಂಥವರ ಮಕ್ಕಳು. ಅವರನ್ನೇ "ಸೋಮಾರಿಗಳು" ಎಂದು ಕರೆಯುವ ನಾಲಿಗೆಗಳಿಗೆ ನಾಚಿಕೆಯಾಗಬೇಕು.

ಇನ್ನು ಭಯ. 1968ರ ಡಿಸೆಂಬರ್ 25ರ ರಾತ್ರಿ ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ ಒಂದು ಗುಡಿಸಲೊಳಗೆ ಸೇರಿಕೊಂಡಿದ್ದ 44 ಜನರನ್ನು ಸುಟ್ಟರು. 1997ರ ಡಿಸೆಂಬರ್ 1ರ ರಾತ್ರಿ ಬಿಹಾರದ ಲಕ್ಷ್ಮಣಪುರ ಬಾಥೆಯಲ್ಲಿ 58 ಜನರನ್ನು ಕೊಂದರು. ನಾಯಿ ಬೊಗಳಿದರೆ ನಮ್ಮ ಕೇರಿಯ ಮುದುಕರು ಎದ್ದು ಕೂರುವುದು ಸುಮ್ಮನೆ ಅಲ್ಲ. ವಿಶ್ವವಿದ್ಯಾಲಯದ ಒಳಗೂ ಇದು ತಪ್ಪಲಿಲ್ಲ. 2016ರ ಜನವರಿಯಲ್ಲಿ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲ್‌ನಿಂದ ಹೊರಹಾಕಿಸಿಕೊಂಡ ಐವರು ವಿದ್ಯಾರ್ಥಿಗಳು ಚಳಿಯಲ್ಲಿ ಬಯಲಲ್ಲೇ ಮಲಗಿದರು. ಆ ಜಾಗಕ್ಕೆ ವೆಲಿವಾಡ, ಅಂದರೆ ಹೊಲಗೇರಿ, ಎಂದು ಹೆಸರಿಟ್ಟರು. ಅವರಲ್ಲೊಬ್ಬ ರೋಹಿತ್ ವೇಮುಲ. ಜನವರಿ 17ರಂದು ಆತ ನಮ್ಮನ್ನು ಬಿಟ್ಟುಹೋದ.

ಹಾಗಾದರೆ ನಾವೇನೂ ತಪ್ಪು ಮಾಡುತ್ತಿಲ್ಲವೇ? ಮಾಡುತ್ತಿದ್ದೇವೆ. ಬಚ್ಚಿಡುವುದು ಬೇಡ. ಮಗ್ಗುಲಲ್ಲಿ ಪುಸ್ತಕ ತೆರೆದಿಟ್ಟು, ಕೈಯಲ್ಲಿ ಮೊಬೈಲ್ ಹಿಡಿದು ಎರಡು ಗಂಟೆವರೆಗೆ ರೀಲ್ಸ್ ನೋಡುವವರು ನಾವೇ. ಪರೀಕ್ಷೆ ಹತ್ತಿರ ಬಂದಾಗ ಟೀ ಮೇಲೆ ಟೀ ಕುಡಿದು "ಮೂರು ರಾತ್ರಿ ಕಣ್ಣು ಮುಚ್ಚಿಲ್ಲ ಕಣ್ಲಾ" ಎಂದು ಜಂಬ ಕೊಚ್ಚುವವರೂ ನಾವೇ. ಕೇಳಿದರೆ ಬಾಬಾಸಾಹೇಬರನ್ನು ಮುಂದೆ ತರುತ್ತೇವೆ: ಅವರು ನಿದ್ದೆ ಬಿಟ್ಟು ಓದಿದರು, ನಾವೂ ಬಿಡಬೇಕು.

ಬಾಬಾಸಾಹೇಬರ ಕತೆಯನ್ನು ಪೂರ್ತಿ ಓದೋಣ. ಮುಂಬಯಿಯ ಪರೇಲಿನ ಚಾಳಿನಲ್ಲಿ ಇಡೀ ಸಂಸಾರಕ್ಕೆ ಒಂದೇ ಕೋಣೆ. ಅಲ್ಲೇ ಒಲೆ, ಅಲ್ಲೇ ಹಾಸಿಗೆ, ಒಂದು ಆಡು ಕೂಡ. ತಂದೆ ರಾಮಜಿ ಮಗನನ್ನು ಬೇಗ ಮಲಗಿಸಿ ತಾವು ಎರಡು ಗಂಟೆವರೆಗೆ ಎಚ್ಚರವಿರುತ್ತಿದ್ದರು. ಎರಡಕ್ಕೆ ಮಗನನ್ನು ಓದಲು ಎಬ್ಬಿಸಿ, ತೆರವಾದ ಜಾಗದಲ್ಲಿ ತಾವು ಮಲಗುತ್ತಿದ್ದರು. ಗಮನಿಸಿ: ಆ ಅಪ್ಪ ಮೊದಲು ಮಾಡಿದ್ದು ಮಗನಿಗೆ ನಿದ್ದೆ ಕೊಡಿಸುವ ಕೆಲಸ. ಮುಂದೆ ಸಂವಿಧಾನದ ಕರಡಿನ ಕೆಲಸದ ಕಾಲದಲ್ಲಿ ಬಾಬಾಸಾಹೇಬರು ಸಕ್ಕರೆ ಕಾಯಿಲೆ, ನರಗಳ ನೋವುಗಳಿಂದ ರಾತ್ರಿ ನಿದ್ದೆ ಬಾರದೆ ಒದ್ದಾಡಿದರು. 1956ರ ಡಿಸೆಂಬರ್ 5ರ ರಾತ್ರಿಯೂ 'ಬುದ್ಧ ಮತ್ತು ಅವನ ಧಮ್ಮ' ಪುಸ್ತಕದ ಮುನ್ನುಡಿಯನ್ನು ಹತ್ತಿರ ಇರಿಸಿಕೊಂಡಿದ್ದರು. ಮಾರನೆ ಬೆಳಿಗ್ಗೆ ಏಳಲಿಲ್ಲ. ಅವರಿಗೆ ಆಗ 65 ವರ್ಷ. ಜಾಗವಿಲ್ಲದೆ, ಬಿಡುವಿಲ್ಲದೆ ಅವರು ನಿದ್ದೆ ಕಳೆದುಕೊಂಡರು. ಅದು ಅವರ ಮೇಲೆ ಬಿದ್ದ ಹೊರೆ. ಆ ಹೊರೆಯನ್ನೇ ಹಬ್ಬ ಮಾಡಿಕೊಳ್ಳುವುದು ಅವರಿಗೆ ಕೊಡುವ ಗೌರವವಲ್ಲ.

ವೈದ್ಯರು ಹೇಳುವುದು ಸರಳವಾಗಿದೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು, ದೊಡ್ಡವರಿಗೆ 7 ಗಂಟೆಯಾದರೂ ಬೇಕು. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ರಾತ್ರಿಯಿಡೀ ಓದಿ ಪರೀಕ್ಷೆಗೆ ಹೋಗುವವನು ತೂತು ಕೊಡದಲ್ಲಿ ನೀರು ಹೊತ್ತ ಹಾಗೆ. ಟೀಯ ಅಮಲು ಬೇಗ ಇಳಿಯುವುದಿಲ್ಲ. ಐದು ಗಂಟೆ ಕಳೆದರೂ ಸುಮಾರು ಅರ್ಧ ಒಳಗೇ ಇರುತ್ತದೆ. ಹದಿಹರೆಯದಲ್ಲಿ ನಿದ್ದೆ ತಡವಾಗಿ ಬರುವುದು ದೇಹದ ಗುಣ, ಸೋಮಾರಿತನವಲ್ಲ.

ಕಾನೂನೂ ನಮ್ಮ ಕಡೆ ಇದೆ. ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರ ಮೇಲೆ 2011ರ ಜೂನ್‌ನಲ್ಲಿ ಪೊಲೀಸರು ನಡುರಾತ್ರಿ ನುಗ್ಗಿದ ಪ್ರಕರಣದಲ್ಲಿ, 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ನಿದ್ದೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಅದರಲ್ಲಿ ನ್ಯಾಯಮೂರ್ತಿಯೊಬ್ಬರು ಬರೆದರು. ಅಂದಮೇಲೆ ಹಾಸ್ಟೆಲಿನ ತಿಗಣೆ ಬರೀ ತಿಗಣೆಯಲ್ಲ ಗೆಳೆಯರೇ, ಹಕ್ಕಿನ ರಕ್ತ ಹೀರುವ ತಿಗಣೆ.

ಆದ್ದರಿಂದ ನಾವು ಕೇಳಬೇಕಾದ್ದನ್ನು ಕೇಳೋಣ. ಒಬ್ಬೊಬ್ಬನಿಗೂ ಒಂದು ಮಂಚ, ಒಂದು ಸೊಳ್ಳೆಪರದೆ. ತಿಗಣೆಗೆ ಹೊತ್ತುಹೊತ್ತಿಗೆ ಔಷಧಿ. ಓದಲು ಬೇರೆ ಕೋಣೆ, ಅಲ್ಲಿ ರಾತ್ರಿಯಿಡೀ ದೀಪ. ಇವುಗಳಿಗೆ ಅರ್ಜಿ ಬರೆಯೋಣ, ಎಲ್ಲರೂ ಸಹಿ ಹಾಕೋಣ, ಜವಾಬು ಬಾರದಿದ್ದರೆ ಚಾಪೆ ಸುತ್ತಿಕೊಂಡು ಆಫೀಸಿನ ಮುಂದೆಯೇ ಹೋಗಿ ಮಲಗೋಣ!

ನಮ್ಮೊಳಗೆ ಮಾಡಿಕೊಳ್ಳಬೇಕಾದ್ದನ್ನೂ ಮಾಡೋಣ. ಹನ್ನೊಂದಕ್ಕೆ ಮಲಗುವ ರೂಮಿನ ದೀಪ ಆರಲಿ. ಮೊಬೈಲ್ ತಲೆದಿಂಬಿನಿಂದ ದೂರ ಇರಲಿ. ಕಿರಿಯನನ್ನು ಎಬ್ಬಿಸಿ ಚಾಕರಿ ಮಾಡಿಸುವ ಹಿರಿಯ ನಮ್ಮವನಾದರೂ ಸರಿ, ಅವನೂ ಒಬ್ಬ ಸಣ್ಣ ಒಡೆಯನೇ. ಅದನ್ನು ಅವನ ಮುಖಕ್ಕೇ ಹೇಳೋಣ. ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕದ ಚಾಪೆಯವನು ದಿನಾ ರಾತ್ರಿ ಸೂರು ನೋಡುತ್ತಾ ಬಿದ್ದಿದ್ದರೆ "ಯಾಕ್ಲಾ, ಏನಾಯ್ತು?" ಎಂದು ಕೇಳೋಣ. ಮನೆಯ ಸಾಲವೋ, ಫೇಲಾಗುವ ಭಯವೋ, ಯಾರೋ ಆಡಿದ ಜಾತಿ ಮಾತೋ, ಹೇಳಿಕೊಂಡರೆ ಅರ್ಧ ಇಳಿಯುತ್ತದೆ. ಉಳಿದರ್ಧಕ್ಕೆ ಸಂಘಟನೆ ಇದೆ.

ಊರಿಗಾಗಿ ನಮ್ಮ ಹಿರಿಯರು ತಲೆಮಾರುಗಟ್ಟಲೆ ಎದ್ದಿದ್ದರು. ಇನ್ನು ನಾವು ಏಳುವುದಾದರೆ ನಮಗಾಗಿ ಏಳೋಣ. ಹಗಲು ಸರಿಯಾಗಿ ಎಚ್ಚರವಿರಬೇಕಾದರೆ ರಾತ್ರಿ ಸರಿಯಾಗಿ ಮಲಗಲೇಬೇಕು.

ಜೈ ಭೀಮ್.