ಫೋನಿನ ತಂಬೂರಿಯ ಅಪಶ್ರುತಿ

ವಿದ್ಯುತ್ತಿನಿಂದ ತಂಬೂರಿಯ ನಾದವನ್ನು ಹೊರಡಿಸಬಹುದೆಂದು ನಮ್ಮ ನಾಡಿಗೆ ತೋರಿಸಿಕೊಟ್ಟವರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣರು ಪ್ರಮುಖರು. ಇಂಜಿನಿಯರರೂ ಕೊಳಲುವಾದಕರೂ ಆದ ಅವರು 1970ರ ದಶಕದ ಕೊನೆಯ ವೇಳೆಗೆ ಕೈಗೊಂಡ ಕೆಲಸದಿಂದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯು ಸಂಗೀತಗಾರರ ಮನೆಗಳನ್ನು ಹೊಕ್ಕಿತು. ಈಗ ಆ ಪೆಟ್ಟಿಗೆಯೂ ಮಾಯವಾಗಿ, ಮೊಬೈಲ್ ಫೋನಿನೊಳಗಿನ ಒಂದು ಆ್ಯಪ್ ಆಗಿ ಉಳಿದಿದೆ. ಮಂಗಳೂರಿನ ನಂತೂರಿನ ಆಸುಪಾಸಿನಲ್ಲಿ ಸಂಜೆಯ ಸಂಗೀತಪಾಠ ನಡೆಯುವ ಮನೆಗಳ ಮುಂದೆ ಹಾದುಹೋದರೆ ಕಿವಿಗೆ ಬೀಳುವ ತಂಬೂರಿಯು ಎಷ್ಟೋ ವೇಳೆ ಫೋನಿನದೇ. ಇದರಲ್ಲಿ ತಪ್ಪೇನೂ ಇಲ್ಲ. ತಂತಿ ಹರಿಯುವ ಭಯವಿಲ್ಲ, ಹೊರುವ ಭಾರವಿಲ್ಲ. ಈ ತಂಬೂರಿ ಕೆಟ್ಟಾಗ ಅದನ್ನು ಸರಿಪಡಿಸುವ ರೀತಿಯ ಬಗೆಗೆ ಮಾತ್ರ ನಮ್ಮ ತಕರಾರು.

ಫೋನಿಗೆ ನಾದವೆಂದರೆ ಅಂಕೆಗಳ ಸಾಲು. ಸೆಕೆಂಡಿಗೆ 44,100 ಅಥವಾ 48,000 ಅಂಕೆಗಳು ಧ್ವನಿವರ್ಧಕಕ್ಕೆ ಹರಿಯಬೇಕು. ಆ್ಯಪ್ ಇವನ್ನು ಕಂತುಕಂತಾಗಿ ಸಿದ್ಧಪಡಿಸುತ್ತದೆ. 192 ಅಂಕೆಗಳ ಒಂದು ಕಂತು, 48,000ದ ಲೆಕ್ಕದಲ್ಲಿ, ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು ಹೊತ್ತಿಗೆ ಮುಗಿದುಹೋಗುತ್ತದೆ. ಅಷ್ಟರೊಳಗೆ ಮುಂದಿನ ಕಂತು ಬಾರದಿದ್ದರೆ ನಾದದಲ್ಲಿ ಬಿರುಕು ಬಿಟ್ಟು ‘ಚಟ್’ ಎಂಬ ಸದ್ದು ಕೇಳುತ್ತದೆ. ಚಿತ್ರವು ಕ್ಷಣಕಾಲ ನಿಂತರೆ ಕಣ್ಣು ಕ್ಷಮಿಸೀತು. ಕಿವಿಗೆ ಆ ಔದಾರ್ಯವಿಲ್ಲ.

ಕಂತು ತಡವಾಗಲು ಫೋನಿನ ಶಕ್ತಿ ಕಡಮೆಯಾಗಿರುವುದೇ ಕಾರಣವೆಂದು ತಿಳಿಯಬೇಕಾಗಿಲ್ಲ. ಹೆದ್ದಾರಿ 66 ಹಾದುಹೋಗುವ ನಂತೂರು ವೃತ್ತವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಆಂಬುಲೆನ್ಸಿನ ಎಂಜಿನ್ ಎಷ್ಟೇ ಬಲಶಾಲಿಯಾಗಿರಲಿ, ಮುಂದೆ ಲಾರಿ ಅಡ್ಡ ನಿಂತಿದ್ದರೆ ಅದೂ ನಿಲ್ಲಲೇಬೇಕು. ಆ್ಯಪಿನೊಳಗೂ ಹೀಗೆಯೇ: ಪರದೆಯನ್ನು ಬಣ್ಣಿಸುವ ಸಾಧಾರಣ ಕೆಲಸವೊಂದು ಯಾವುದೋ ದಾಖಲೆಯ ಬೀಗದ ಕೈಯನ್ನು ಹಿಡಿದುಕೊಂಡು ಕುಳಿತರೆ, ಆ ದಾಖಲೆ ಬೇಕಾದ ನಾದದ ಕೆಲಸವು ಹಿಂದೆ ಕಾಯುತ್ತದೆ. 1997ರಲ್ಲಿ ಮಂಗಳ ಗ್ರಹದ ಮೇಲಿಳಿದ ಅಮೆರಿಕದ ಪಾತ್‌ಫೈಂಡರ್ ನೌಕೆಯ ಗಣಕವು ಮತ್ತೆಮತ್ತೆ ತಾನಾಗಿ ಹೊಸದಾಗಿ ಆರಂಭವಾಗುತ್ತಿದ್ದುದಕ್ಕೂ ಇದೇ ಜಾತಿಯ ರೋಗವೇ ಮೂಲ. ಅಲ್ಲಿನ ಇಂಜಿನಿಯರರು ಊಹೆಯಿಂದ ಮದ್ದು ಕೊಡಲಿಲ್ಲ. ಭೂಮಿಯ ಮೇಲಿದ್ದ ಅದರ ಪ್ರತಿರೂಪದಲ್ಲಿ ಅದೇ ದೋಷ ಮರುಕಳಿಸುವವರೆಗೆ ಪ್ರಯೋಗ ನಡೆಸಿ, ಬಳಿಕವೇ ಪರಿಹಾರವನ್ನು ಕಳುಹಿಸಿದರು.

ನಮ್ಮ ಆ್ಯಪ್ ತಯಾರಕರಲ್ಲಿ ಅನೇಕರಿಗೆ ಈ ತಾಳ್ಮೆಯಿಲ್ಲ. ಚಟಪಟವೆಂದರೆ ಸಾಕು, ಕಂತನ್ನು ದೊಡ್ಡದು ಮಾಡಿಬಿಡುತ್ತಾರೆ. ಸದ್ದು ನಿಲ್ಲುತ್ತದೆ, ದೋಷ ಒಳಗೇ ಉಳಿಯುತ್ತದೆ. ಬರಿಯ ಶ್ರುತಿಗೆ ಇದರಿಂದ ಹಾನಿಯಿಲ್ಲವೆನ್ನೋಣ. ಆದರೆ ಪರದೆಯ ಮೇಲಿನ ಹಾರ್ಮೋನಿಯಮ್ಮಿನ ಮನೆಯನ್ನೊತ್ತಿದರೆ ಸ್ವರವು ತಡವಾಗಿ ಹೊರಡುತ್ತದೆ. ಇನ್ನು ಕೆಲವರದು ‘ಹೊಸ ಫೋನು ಕೊಳ್ಳಿ’ ಎಂಬ ಉತ್ತರ! ನಮಗೂ ಒಮ್ಮೆ ಅದೇ ಉತ್ತರ ಬಂದಿತ್ತು.

ವಾಸ್ತವವಾಗಿ ಕಿವಿಗೊಟ್ಟು ಕೇಳಿದರೆ ದೋಷವೇ ತನ್ನ ವಿಳಾಸವನ್ನು ಹೇಳುತ್ತದೆ. ಚಟ್ ಎಂಬುದು ಗಡಿಯಾರದಂತೆ ಸಮಾನ ಅಂತರದಲ್ಲಿ ಬರುತ್ತಿದೆಯೇ? ಹಾಗಾದರೆ ಮತ್ತೆಮತ್ತೆ ತಿರುಗುವ ಧ್ವನಿಮುದ್ರಣದ ತಲೆಯೂ ಬಾಲವೂ ಸರಿಯಾಗಿ ಕೂಡಿಲ್ಲವೆಂದು ಮೊದಲು ಶಂಕಿಸಬೇಕು. ಪರದೆಯನ್ನು ಮುಟ್ಟಿದಾಗ ಮಾತ್ರ ಬಂದರೆ ಮೇಲೆ ಹೇಳಿದ ಬೀಗದ ಕೈಯ ಜಗಳವಿರಬಹುದು. ಅರ್ಧ ಗಂಟೆಯ ಬಳಿಕ ಫೋನು ಬಿಸಿಯಾದ ಮೇಲೆ ಆರಂಭವಾದರೆ, ತಾಪ ಇಳಿಸಲು ಫೋನು ತನ್ನ ವೇಗವನ್ನು ಕುಗ್ಗಿಸಿರಬಹುದು. ಬ್ಲೂಟೂತ್ ಶ್ರವಣಯಂತ್ರ ಹಾಕಿದಾಗಷ್ಟೇ ಕೇಳಿದರೆ ಆ್ಯಪನ್ನು ಬಯ್ಯುವ ಮೊದಲು ಆ ನಿಸ್ತಂತು ಸಂಪರ್ಕವನ್ನು ಪರೀಕ್ಷಿಸಬೇಕು. ದೂರು ಕೊಡುವವರು ‘ಸರಿಯಿಲ್ಲ’ ಎಂಬ ಒಂದೇ ಮಾತಿನ ಬದಲು ಇಷ್ಟನ್ನು ಗಮನಿಸಿ ಬರೆದರೆ ತಯಾರಕರ ಅರ್ಧ ಕೆಲಸ ಮುಗಿದಂತೆ.

ಇಷ್ಟಾದರೂ ಚಟಪಟವು ಪ್ರಾಮಾಣಿಕ ದೋಷ. ತಾನಿದ್ದೇನೆಂದು ಕೂಗಿ ಹೇಳುತ್ತದೆ. ನಮ್ಮನ್ನು ಹೆದರಿಸುವುದು ಸದ್ದಿಲ್ಲದ ಇನ್ನೊಂದು ದೋಷ. ಸೆಕೆಂಡಿಗೆ 44,100ರಂತೆ ಮುದ್ರಿಸಿದ ನಾದವನ್ನು 48,000ದ ವೇಗದಲ್ಲಿ ನುಡಿಸುವ ಫೋನಿಗೆ, ಪರಿವರ್ತಿಸದೆ ಹಾಗೆಯೇ ಒಪ್ಪಿಸಿದರೆ ಏನಾಗುತ್ತದೆ? ನಾದವು ನುಣುಪಾಗಿಯೇ ಇರುತ್ತದೆ; ಶ್ರುತಿ ಮಾತ್ರ ಹೆಚ್ಚುಕಡಮೆ ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ಐದು ಮನೆಯನ್ನು ಆರಿಸಿಕೊಂಡ ಹುಡುಗಿ ಐದೂವರೆಗೂ ಆರಕ್ಕೂ ನಡುವೆ, ಯಾವ ಮನೆಯೂ ಅಲ್ಲದ ಜಾಗದಲ್ಲಿ ನಿಂತು ಹಾಡುತ್ತಾಳೆ. ತಾರಸ್ಥಾಯಿಗೆ ಕಂಠವೇರದಿದ್ದರೆ ಗುರುಗಳು ಕಂಠವನ್ನೇ ದೂರುತ್ತಾರೆ, ಫೋನನ್ನಲ್ಲ. ಅದೇ ರೀತಿ ಮುದ್ರಿಸಿದ ತಾಳವಾದರೆ ನಿಮಿಷಕ್ಕೆ 80 ಇದ್ದುದು 87 ಆಗುತ್ತದೆ. ತಯಾರಕರ ಮೇಜಿನ ಮೇಲಿನ ಫೋನಿನಲ್ಲಿ ಎಲ್ಲವೂ ಸರಿಯಾಗಿದ್ದು, ಬೇರೊಂದು ಫೋನಿನಲ್ಲಿ ಮಾತ್ರ ಹೀಗಾಗುವುದರಿಂದ ಇದು ಬಹುಕಾಲ ಸಿಕ್ಕಿಬೀಳದೆ ಉಳಿದೀತು.

ಆದುದರಿಂದ ಶ್ರುತಿಯ ಆ್ಯಪ್ ಮಾರುವವರು ಒಂದೆರಡು ಅಗ್ಗದ, ಹಳೆಯ ಫೋನುಗಳನ್ನೂ ಪರೀಕ್ಷೆಗೆ ಇಟ್ಟುಕೊಳ್ಳಬೇಕು. ಸಂಗೀತ ಬಲ್ಲ ಒಂದು ಜೊತೆ ಕಿವಿಗಳನ್ನು ಕೆಲಸಕ್ಕೆ ಕರೆಯಬೇಕು. ಫೋನು ನುಡಿಸುತ್ತಿರುವ ವೇಗ 44,100ವೋ 48,000ವೋ ಎಂಬುದನ್ನು ಪರದೆಯ ಮೂಲೆಯಲ್ಲಾದರೂ ತೋರಿಸಬೇಕು. ಅಲ್ಲಿಯವರೆಗೆ ಸಂಗೀತ ಶಿಕ್ಷಕರು 440 ಕಂಪನಗಳ ಶ್ರುತಿಕವೆಯೊಂದನ್ನು ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಆ್ಯಪನ್ನು ಆರನೆಯ ಮನೆಗೆ ಇಟ್ಟು, ಕವೆಯನ್ನು ಮೊಣಕಾಲಿಗೆ ತಟ್ಟಿ, ಎರಡನ್ನೂ ಒಟ್ಟಿಗೆ ಆಲಿಸಲಿ. 440 ಇರಬೇಕಾದ ನಾದವು 479ರ ಸಮೀಪ ನಿಂತಿದ್ದರೆ ಯಾವ ವಿದ್ಯಾರ್ಥಿಯ ಕಿವಿಗೂ ಅದು ಗೊತ್ತಾಗುತ್ತದೆ.