ಅನುಭವವೊಂದೇ ಸಾಲದು

ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ಕುಟುಂಬವೊಂದರ ತಂದೆತಾಯಿ ಭಾನುವಾರದ ಬಲಿಪೂಜೆಯ ಬಳಿಕ ನಮ್ಮನ್ನು ಕಾಣಲು ಬಂದರು. ಅವರ ಮಗಳು ನರ್ಸಿಂಗ್ ಪದವಿಯ ಎರಡನೆಯ ವರ್ಷದ ವಿದ್ಯಾರ್ಥಿನಿ. ಅವಳು ಮೂರು ದಿನ ಆರೈಕೆ ಮಾಡಿದ್ದ ವೃದ್ಧೆಯೊಬ್ಬರು ಅವಳು ವಾರ್ಡಿನಲ್ಲಿದ್ದ ಹೊತ್ತಿನಲ್ಲೇ ತೀರಿಕೊಂಡಿದ್ದರು. ರಜೆಗೆ ಮನೆಗೆ ಬಂದ ಹುಡುಗಿ ಸರಿಯಾಗಿ ಉಣ್ಣುತ್ತಿರಲಿಲ್ಲ, ಯಾರೊಡನೆಯೂ ಮಾತನಾಡುತ್ತಿರಲಿಲ್ಲ. "ಫಾದರ್, ಮನಸ್ಸು ಗಟ್ಟಿ ಮಾಡಿಕೊಳ್ಳುವಂತೆ ತಾವೇ ಅವಳಿಗೆ ಬುದ್ಧಿ ಹೇಳಬೇಕು" ಎಂಬುದು ತಂದೆಯ ಕೋರಿಕೆ. ಬ್ಯಾಂಕಿನ ಸಾಲ ಪಡೆದು ಮಗಳನ್ನು ಓದಿಸುತ್ತಿರುವ ಮನುಷ್ಯ. ಅವರ ಅಂಜಿಕೆ ನಮಗೆ ಅರ್ಥವಾಗದಿರಲಿಲ್ಲ. ನಾವೂ ಹಾಗೆಯೇ ಬುದ್ಧಿ ಹೇಳಿದೆವು. ಹುಡುಗಿ "ಆಗಲಿ ಫಾದರ್" ಎಂದು ತಲೆಯಾಡಿಸಿ ಹೋದಳು.

ಉನ್ನತ ಶಿಕ್ಷಣದಲ್ಲಿ ಅನುಭವಾಧಾರಿತ ಕಲಿಕೆಯ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನು ಎತ್ತಿಹಿಡಿದಿದೆ. ವಿಚಾರವೇನೂ ಹೊಸದಲ್ಲ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಡಿ ಕಾಲೇಜು ಮಕ್ಕಳು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸುತ್ತ ಬಂದಿದ್ದಾರೆ. ನರ್ಸಿಂಗ್, ವೈದ್ಯಕೀಯ, ಸಮಾಜಕಾರ್ಯಗಳ ವಿದ್ಯಾರ್ಥಿಗಳಿಗಂತೂ ಆಸ್ಪತ್ರೆ, ಹಳ್ಳಿ, ಕೇರಿಗಳೇ ತರಗತಿಗಳು. ಆದರೆ ಅನುಭವವೆಲ್ಲವೂ ಶಿಕ್ಷಣವಲ್ಲವೆಂದು ಅಮೆರಿಕದ ದಾರ್ಶನಿಕ ಜಾನ್ ಡ್ಯೂಯಿ 1938ರಷ್ಟು ಹಿಂದೆಯೇ ಎಚ್ಚರಿಸಿದ್ದರು. ಮನುಷ್ಯನ ಮನಸ್ಸನ್ನು ಜಡ್ಡುಗಟ್ಟಿಸಿ, ಮುಂದಿನ ಕಲಿಕೆಗೆ ಅಡ್ಡಬರುವ ಅನುಭವಗಳೂ ಉಂಟೆಂಬುದು ಅವರ ಅಭಿಪ್ರಾಯ.

ಆ ಹುಡುಗಿ ತನ್ನ ಪ್ರಾಕ್ಟಿಕಲ್ ರೆಕಾರ್ಡನ್ನು ನಮಗೆ ತೋರಿಸಿದ್ದಳು. ನಾಡಿಬಡಿತ, ರಕ್ತದೊತ್ತಡ, ಕೊಟ್ಟ ಔಷಧ, ವೈದ್ಯರಿಗೆ ತಿಳಿಸಿದ ಹೊತ್ತು, ಎಲ್ಲವೂ ದುಂಡನೆಯ ಅಕ್ಷರಗಳಲ್ಲಿ. ಕೆಳಗೆ ಅಧ್ಯಾಪಕಿಯ ಕೆಂಪು ಶಾಯಿಯ ಸಹಿ. ನಿನಗೇನನ್ನಿಸಿತು ಎಂದು ಕೇಳುವ ಸಾಲು ಅದರಲ್ಲಿ ಇರಲಿಲ್ಲ. ಇರಬೇಕಿತ್ತೆಂದು ಆಗ ನಮಗೂ ತೋಚಲಿಲ್ಲ. ಅನುಭವವು ಕಲಿಕೆಯಾಗುವ ಬಗೆಯನ್ನು ಕುರಿತು ಡೇವಿಡ್ ಬೌಡ್ ಮತ್ತು ಸಂಗಡಿಗರು 1985ರಲ್ಲಿ ಹೊರತಂದ ಗ್ರಂಥ ಮೂರು ಹಂತಗಳನ್ನು ಹೇಳುತ್ತದೆ: ನಡೆದುದಕ್ಕೆ ಮನಸ್ಸಿನಲ್ಲಿ ಮರಳುವುದು, ಅದು ಎಬ್ಬಿಸಿದ ಭಾವನೆಗಳತ್ತ ಗಮನ ಕೊಡುವುದು, ಆಮೇಲೆ ಆ ಅನುಭವವನ್ನು ಮತ್ತೊಮ್ಮೆ ತೂಗಿ ನೋಡುವುದು. ನಮ್ಮಲ್ಲಿ ಬಹುಮಟ್ಟಿಗೆ ನಡುವಿನ ಮೆಟ್ಟಿಲನ್ನು ಬಿಟ್ಟು ಹಾರುವುದೇ ರೂಢಿ. ಶಿಬಿರದಿಂದ ಮರಳಿದವರ ವರದಿಗಳಲ್ಲಿಯೂ ತೋಡಿದ ಇಂಗುಗುಂಡಿಗಳ ಲೆಕ್ಕ ಸಿಗುತ್ತದೆಯೇ ಹೊರತು ತೋಡಿದವರು ಸಿಗುವುದಿಲ್ಲ.

ಭಾವನೆಗೆ ಇಷ್ಟು ಸಲಿಗೆ ಕೊಟ್ಟರೆ ವಿದ್ಯೆಯ ಗತಿಯೇನು ಎಂದು ಕೇಳುವವರಿದ್ದಾರೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ಕಾಲದಲ್ಲಿ ನಾವೂ ಆ ಪಕ್ಷದವರೇ. ಬುದ್ಧಿ ಸಾರಥಿ, ಭಾವನೆ ಮೊಂಡು ಕುದುರೆ ಎಂದು ತಿಳಿದಿದ್ದೆವು. ಆದರೆ ಸಂತ ತೋಮಾಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಭಾವಾವೇಗಗಳ ವಿಚಾರಕ್ಕೆ ಇಪ್ಪತ್ತೇಳು ಪ್ರಶ್ನೆಗಳನ್ನು ಮೀಸಲಿಟ್ಟು, ಅವು ತಮ್ಮಷ್ಟಕ್ಕೆ ಕೆಟ್ಟವಲ್ಲವೆಂದೇ ನಿರ್ಣಯಿಸಿದ್ದಾರೆ. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ 1994ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಕೆಲವು ರೋಗಿಗಳ ಮಿದುಳಿನ ಮುಂಭಾಗಕ್ಕೆ ಹಾನಿಯಾಗಿತ್ತು. ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಅವರಿಗೆ ಕೊರತೆಯಿರಲಿಲ್ಲ. ಭಾವನೆಗಳು ಮಂಕಾಗಿದ್ದವು, ಅದರೊಡನೆ ದಿನನಿತ್ಯದ ಬದುಕಿನ ನಿರ್ಧಾರಗಳೂ ಹಳಿ ತಪ್ಪಿದ್ದವು.

ಭಾವನೆಯನ್ನು ಗಮನಿಸುವುದು ಬೇರೆ, ಅದು ಎಳೆದತ್ತ ಹೋಗುವುದು ಬೇರೆ. ಇದನ್ನು ಲೊಯೋಲಾದ ಸಂತ ಇಗ್ನಾಸಿಯವರಷ್ಟು ಚೆನ್ನಾಗಿ ಕಂಡವರು ವಿರಳ. 1521ರಲ್ಲಿ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿಯ ಗುಂಡು ತಗುಲಿ ಕಾಲು ಮುರಿದುಕೊಂಡ ಆ ಯೋಧ, ಹಾಸಿಗೆಯಲ್ಲಿ ಮಲಗಿ ಹೊತ್ತು ಕಳೆಯಲು ಹಗಲುಗನಸು ಕಾಣುತ್ತಿದ್ದರು. ವೀರಸಾಹಸದ ಕನಸುಗಳು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು. ಸಂತರಂತೆ ಬಾಳುವ ಕನಸುಗಳ ತರುವಾಯ ಸಂತೋಷ ಉಳಿಯುತ್ತಿತ್ತು. ಆ ವ್ಯತ್ಯಾಸವನ್ನು ಗುರುತಿಸಿದ್ದೇ ಅವರ ಹೊಸ ಬಾಳಿನ ಮೊದಲ ಪಾಠ. ಮುಂದೆ ಮೂವತ್ತು ದಾಟಿದ ಮೇಲೆ ಬಾರ್ಸಿಲೋನಾದಲ್ಲಿ ಲ್ಯಾಟಿನ್ ವ್ಯಾಕರಣ ಕಲಿಯಲು ಕುಳಿತಾಗ, ಕಂಠಪಾಠಕ್ಕೆ ತೊಡಗಿದೊಡನೆ ಭಕ್ತಿಯ ಸವಿ ಉಕ್ಕಿಬಂದು ಪಾಠ ನಿಂತುಹೋಗುತ್ತಿತ್ತು. ಪ್ರಾರ್ಥನೆಯಲ್ಲಿಯೂ ಬಾರದ ಸವಿ ಪಾಠದ ಹೊತ್ತಿನಲ್ಲೇ ಏಕೆ ಬರುತ್ತದೆ ಎಂದು ಅವರು ಅದನ್ನೂ ಪ್ರಶ್ನಿಸಿದರು. ಅದು ಶೋಧನೆಯೆಂದು ಕಂಡುಕೊಂಡು, ಇನ್ನು ಪಾಠ ತಪ್ಪಿಸುವುದಿಲ್ಲವೆಂದು ಗುರುಗಳಿಗೆ ಮಾತು ಕೊಟ್ಟರು.

ಇಗ್ನಾಸಿಯವರ ಈ ಕಥೆಯನ್ನು ಎಷ್ಟೋ ಪ್ರಬೋಧನೆಗಳಲ್ಲಿ ಹೇಳಿದ್ದ ನಾವು, ಎದುರಿಗೆ ಕುಳಿತ ಹುಡುಗಿಯನ್ನು ಒಂದು ಪ್ರಶ್ನೆಯನ್ನೂ ಕೇಳದೆ ಕಳುಹಿಸಿದ್ದೆವು. ಮರುವಾರ ಅವಳನ್ನು ಮತ್ತೆ ಕರೆಸಿ, ಆ ದಿನ ಏನಾಯಿತು ಎಂದಷ್ಟೇ ಕೇಳಿದೆವು. ತುಸು ಹೊತ್ತಿನ ಬಳಿಕ ಹೇಳಿದಳು. ಆ ವೃದ್ಧೆ ಅವಳ ಕೈ ಹಿಡಿದುಕೊಂಡಿದ್ದರಂತೆ. ಬೇರೊಂದು ಹಾಸಿಗೆಯಿಂದ ಕರೆ ಬಂದಾಗ "ಈಗ ಬಂದೆ ಅಜ್ಜಿ" ಎಂದು ಕೈ ಬಿಡಿಸಿಕೊಂಡು ಹೋದವಳು ಮರಳಿ ಬರುವಾಗ ಅರ್ಧ ಗಂಟೆಯಾಗಿತ್ತು. ಹಾಸಿಗೆಯ ಸುತ್ತ ಪರದೆ ಎಳೆದಿದ್ದರು.

ಅವಳನ್ನು ಕಾಡುತ್ತಿದ್ದುದು ಸಾವಿನ ಭಯವಲ್ಲ, ಕೊಟ್ಟ ಮಾತು. ತಂದೆಯೂ ನಾವೂ ಅದನ್ನು ಮನೋದೌರ್ಬಲ್ಯವೆಂದು ಎಣಿಸಿದ್ದೆವು. ಕರೆಗೆ ಓಗೊಟ್ಟು ಹೋದದ್ದು ತಪ್ಪಲ್ಲ, ಅಜ್ಜಿಯ ಸಾವು ತನ್ನಿಂದಾದುದಲ್ಲ ಎಂಬುದನ್ನು ಮಾತನಾಡುತ್ತ ಅವಳೇ ಬಿಡಿಸಿಕೊಂಡಳು. ಅಷ್ಟು ಹೊತ್ತು ಯಾರನ್ನಾದರೂ ಅಜ್ಜಿಯ ಬಳಿ ಕೂರಿಸಬಹುದಿತ್ತು ಎಂದೂ ಅವಳೇ ಹೇಳಿದಳು. ಸಾಯುವವರ ಬಳಿ ಒಬ್ಬರು ಇರಬೇಕೆಂಬುದು ಪಠ್ಯಪುಸ್ತಕದಲ್ಲಿಯೂ ಇದೆಯಂತೆ. ಪರೀಕ್ಷೆಗೆ ಬರೆದೂ ಇದ್ದಳಂತೆ.

ಕಾಲೇಜುಗಳು ಬಹಳವೇನೂ ಮಾಡಬೇಕಾಗಿಲ್ಲ. ಅಧ್ಯಾಪಕರ ಹೊರೆ ನಮಗೆ ತಿಳಿದಿದೆ. ಆದರೂ ವಾರಕ್ಕೊಮ್ಮೆ, ಅಂಕಗಳ ಸೋಂಕಿಲ್ಲದ ಅರ್ಧ ಗಂಟೆ, ಐದಾರು ಮಂದಿಯನ್ನು ಕೂರಿಸಿಕೊಂಡು ಕೇಳುವವರೊಬ್ಬರು ಬೇಕು. ಭಾವನೆಗೂ ಅಂಕ ಕೊಡುವುದಾದರೆ ಮಕ್ಕಳು ಅದನ್ನೂ ಬಾಯಿಪಾಠ ಮಾಡಿ ಒಪ್ಪಿಸಿಯಾರು. ಮನೆಗಳಲ್ಲಿಯೂ ಅಷ್ಟೆ: ಹಾಸ್ಟೆಲಿನಿಂದ ಫೋನು ಬಂದಾಗ ಊಟವಾಯಿತೇ, ಮಾರ್ಕ್ಸ್ ಎಷ್ಟು ಎಂಬೆರಡು ಪ್ರಶ್ನೆಗಳಲ್ಲಿ ಮಾತು ಮುಗಿಯದಿರಲಿ.

ಹುಡುಗಿ ಈಗ ಮೂರನೆಯ ವರ್ಷದಲ್ಲಿದ್ದಾಳೆ. ಕ್ರಿಸ್ಮಸ್ ರಜೆಗೆ ಬಂದಾಗ ಹೇಳಿದಳು: ಒಂದು ಹಾಸಿಗೆಯಿಂದ ಏಳುವಾಗ "ಈಗ ಬಂದೆ" ಎನ್ನುವುದನ್ನು ಬಿಟ್ಟಿದ್ದಾಳಂತೆ. ಎಷ್ಟು ನಿಮಿಷವಾಗುವುದೆಂದು ರೋಗಿಗೆ ಹೇಳಿ, ಪಕ್ಕದ ಹಾಸಿಗೆಯವರ ಕಡೆಯ ಒಬ್ಬರನ್ನು ಅಲ್ಲಿ ಕೂರಿಸಿ, ಆಮೇಲೆ ಹೋಗುತ್ತಾಳಂತೆ.